ಚಿತ್ರ ಓಡುತ್ತದೆ, ಧ್ವನಿ ಇಲ್ಲ!

ಮಕ್ಕಳ ಪಾಠಕ್ಕೆಂದು ತಂದ ಕಂಪ್ಯೂಟರಿನಲ್ಲಿ ಧ್ವನಿಯೇ ಬರುತ್ತಿಲ್ಲವೆ? ಸುರಪುರದ ಹಳ್ಳಿಯಿಂದ ಸಿ.ಪಿ.ಯು. ಪೆಟ್ಟಿಗೆ ಹೊತ್ತು ಶಹಾಪುರಕ್ಕೋ ಯಾದಗಿರಿಗೋ ಬಸ್ಸು ಹತ್ತುವ ಮುನ್ನ ಅದರ ಹಿಂಭಾಗವನ್ನೊಮ್ಮೆ ನೋಡಿ.

ಅಲ್ಲಿ ಸಾಮಾನ್ಯವಾಗಿ ಮೂರು ಸಣ್ಣ ರಂಧ್ರಗಳಿರುತ್ತವೆ. ಹಸಿರು ಬಣ್ಣದ್ದು ಸ್ಪೀಕರ್ ಅಥವಾ ಹೆಡ್‌ಫೋನಿಗೆ, ಗುಲಾಬಿ ಮೈಕಿಗೆ. ತಿಳಿನೀಲಿಯದು ಟೇಪ್‌ರೆಕಾರ್ಡರಿನಂಥ ಹೊರಗಿನ ಸಾಧನದ ಧ್ವನಿಯನ್ನು ಒಳಕ್ಕೆ ತರಲು. ಮೂರರ ಅಳತೆಯೂ 3.5 ಮಿ.ಮೀ. ಆದ್ದರಿಂದ ಪಿನ್ನು ತಪ್ಪು ರಂಧ್ರದಲ್ಲೂ ಸಲೀಸಾಗಿ ಕೂರುತ್ತದೆ. ಮೋಸ ಹೋಗುವುದು ಇಲ್ಲೇ. ಈ ಗೊಂದಲ ತಪ್ಪಿಸಲೆಂದೇ 1990ರ ದಶಕದ ಕೊನೆಗೆ ಇಂಟೆಲ್ ಮತ್ತು ಮೈಕ್ರೋಸಾಫ್ಟ್ 'ಪಿ.ಸಿ. 99' ಎಂಬ ಮಾರ್ಗಸೂಚಿಯಲ್ಲಿ ಬಣ್ಣಗಳನ್ನು ಗೊತ್ತುಮಾಡಿದವು.

ಮೊಬೈಲಿನ ಇಯರ್‌ಫೋನನ್ನು ಹಸಿರಿಗೆ ಸಿಕ್ಕಿಸಿದರೆ ಪಾಠವೇನೋ ಕೇಳುತ್ತದೆ. ಆದರೆ ನಿಮ್ಮ ಉತ್ತರ ಮಾಸ್ತರಿಗೆ ಕೇಳುವುದಿಲ್ಲ. ಅಂಥ ಪಿನ್ನಿನ ಮೇಲೆ ಮೂರು ಉಂಗುರಗಳಿರುತ್ತವೆ. ಮಾತು, ಧ್ವನಿ ಎರಡನ್ನೂ ಬೇರ್ಪಡಿಸುವ ಕವಲು ತಂತಿ, ಅಂದರೆ ಸ್ಪ್ಲಿಟರ್, ಬೇಕು. ಲ್ಯಾಪ್‌ಟಾಪಿನಲ್ಲಿ ಒಂದೇ ರಂಧ್ರವಿದ್ದರೆ ಬಹುಪಾಲು ಈ ತೊಂದರೆಯಿಲ್ಲ.

ಅಗ್ಗದ ಸ್ಪೀಕರುಗಳ ಯು.ಎಸ್.ಬಿ. ತಂತಿ ಅನೇಕ ಸಲ ಕರೆಂಟಿಗಷ್ಟೇ. ಧ್ವನಿಗೆ ಹಸಿರು ಪಿನ್ನೂ ಬೇಕು. ದೀಪ ಹೊತ್ತಿದ ಮಾತ್ರಕ್ಕೆ ನಂಬಬೇಡಿ.

ಎಲ್ಲ ಸರಿಯಿದ್ದೂ ಮೌನವೆ? ಪರದೆಯ ಕೆಳಮೂಲೆಯ ಸ್ಪೀಕರ್ ಚಿತ್ರ ಒತ್ತಿ ನೋಡಿ. ಎಚ್.ಡಿ.ಎಂ.ಐ. ತಂತಿ ಇದ್ದರೆ ಧ್ವನಿ ಮಾನಿಟರಿಗೆ ಹೋಗುತ್ತಿರಬಹುದು. ಪಟ್ಟಿಯಿಂದ ಸ್ಪೀಕರನ್ನು ಆರಿಸಿ.

ಪಾಲಕರಿಗೊಂದು ಮಾತು: ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ 80, ಮಕ್ಕಳಿಗೆ 75 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ಗಂಟೆಯ ಮಿತಿ ಹೇಳುತ್ತದೆ. ವಾಲ್ಯೂಮನ್ನು ತೀರ ಇಳಿಸಿಟ್ಟೇ ಹೆಡ್‌ಫೋನ್ ಹಾಕಿಸಿ, ಆಮೇಲೆ ನಿಧಾನವಾಗಿ ಏರಿಸಿ.