ಹಿಂದಿನ ಬೆಂಚಿನ ಅಂಜಿಕೆ, ದುಡುಕು

ಬಳ್ಳಾರಿ: ಹಾಜರಿ ಕರೆಯುವ ಹೊತ್ತು. ತನ್ನ ನಂಬರು ಹತ್ತಿರ ಬಂದಂತೆ ಹಿಂದಿನ ಬೆಂಚಿನ ಹುಡುಗನ ಎದೆ ಡವಡವ, ಅಂಗೈ ಒದ್ದೆ. ‘ಎಸ್ ಸಾರ್’ ಎಂದದ್ದು ಅವನಿಗೇ ಕೇಳಿಸದು. ‘ಏನಲೆ, ಬಾಯಿಲ್ಲೇನು?’ ಎಂದು ಮೇಷ್ಟ್ರು ಗದರಿದರೆ ಇಡೀ ಕ್ಲಾಸು ಗೊಳ್ಳೆನ್ನುತ್ತದೆ.

ಸಿರುಗುಪ್ಪ, ಕುರುಗೋಡು, ಸಂಡೂರು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಮಕ್ಕಳಲ್ಲಿ ಇಂಥವರು ಉಂಟು. ಪೇಟೆಯ ಮಕ್ಕಳೂ ಇದಕ್ಕೆ ಹೊರತಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿದವರು ಇಂಗ್ಲಿಷಿನಲ್ಲಿ ಸೆಮಿನಾರು ಕೊಡಬೇಕೆಂದಾಗ ಈ ಅಂಜಿಕೆ ಇಮ್ಮಡಿ.

ಇದು ಹೇಡಿತನವಲ್ಲ. ಎಲ್ಲರೂ ನನ್ನನ್ನೇ ನೋಡ್ತಾರೆ, ನಗ್ತಾರೆ ಎಂಬ ಭಯ ಓದು, ಒಡನಾಟಗಳಿಗೇ ಅಡ್ಡ ಬಂದರೆ ವೈದ್ಯರು ಅದನ್ನು ಸಾಮಾಜಿಕ ಆತಂಕ ಎನ್ನುತ್ತಾರೆ. ಬಹುಪಾಲು ಹದಿಹರೆಯದಲ್ಲೇ ಶುರು.

ಅಂಜುವವರೆಲ್ಲ ಮೂಲೆ ಸೇರುತ್ತಾರೆ ಅಂತ ತಿಳಿಯಬಾರದು. ಕೆಲವರು ದುಡುಕುತ್ತಾರೆ. ನಕ್ಕವನ ಕೊರಳಪಟ್ಟಿಗೆ ಕೈ ಹಾಕುವುದು, ಧೈರ್ಯಕ್ಕೆಂದು ಗುಟುಕು ಕುಡಿಯುವುದು, ಸೆಮಿನಾರಿನ ದಿನ ಹೊಸಪೇಟೆ ರಸ್ತೆಯಲ್ಲಿ ಬೈಕು ಹಾರಿಸುವುದು, ‘ಟೀಸಿ ಕೊಡ್ರಿ’ ಎಂದು ಆಫೀಸಿನ ಮುಂದೆ ನಿಲ್ಲುವುದು. ಆ ಗಳಿಗೆಗೆ ನಾಚಿಕೆಯಿಂದ ಪಾರಾದೆ ಅನ್ನಿಸುತ್ತದೆ. ಮಾರನೇ ದಿನ ನಾಚಿಕೆ ಇನ್ನಷ್ಟು ಬೆಳೆದಿರುತ್ತದೆ. ಕಾಲೇಜು ಮಾತ್ರ ಅದನ್ನು ಪುಂಡಾಟ ಅಂತ ಬರೆದುಕೊಂಡು ಅಪ್ಪನನ್ನು ಕರೆಸುತ್ತದೆ.

ತಪ್ಪಿಗೆ ಶಿಕ್ಷೆ ಬೇಡವೆಂದಲ್ಲ. ಅದರ ಬೇರು ಎಲ್ಲಿದೆ ಎಂದು ಒಂದು ಮಾತು ಕೇಳಬೇಕು. ಉಪಾಯವೂ ಕಷ್ಟದ್ದಲ್ಲ. ಮೊದಲು ಇಬ್ಬರು ಗೆಳೆಯರ ಮುಂದೆ, ಆಮೇಲೆ ಐವರ ಮುಂದೆ, ಕಡೆಗೆ ಕ್ಲಾಸಿನ ಮುಂದೆ ಮಾತಾಡಿಸಬೇಕು. ಮೆಟ್ಟಿಲು ಮೆಟ್ಟಿಲಾಗಿ ಎದುರಿಸಿದರೆ ಭಯ ಇಳಿಯುತ್ತದೆ, ತಪ್ಪಿಸಿಕೊಂಡಷ್ಟೂ ಏರುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ ಆಪ್ತಸಲಹೆ, ಔಷಧಿ ಎರಡೂ ಇವೆ.

ಈ ಮಾತು ಬಳ್ಳಾರಿಗೆ ಹೊಸದೂ ಅಲ್ಲ. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೇ ಒಯ್ಯಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ಇದೇ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ‘ಬಳ್ಳಾರಿ ಮಾದರಿ’ಯೇ ಬುನಾದಿ. ಎದುರು ಕೂತು ಹೇಳಲು ನಾಚಿಕೆಯಾದವರಿಗೆ 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಇದೆ. 14416ಕ್ಕೆ ಫೋನು ಮಾಡಿದರೆ ಹಗಲೂ ರಾತ್ರಿ ಕಾಸಿಲ್ಲದೆ ಕನ್ನಡದಲ್ಲೇ ಮಾತಾಡಬಹುದು.

ಆ ನಂಬರನ್ನು ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸುವುದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ. ‘ಬಾಯಿಲ್ಲೇನು?’ ಎಂದು ಕೇಳುವ ಮೇಷ್ಟ್ರು ಆ ಹುಡುಗನನ್ನು ಕ್ಲಾಸು ಬಿಟ್ಟ ಮೇಲೆ ಒಬ್ಬನನ್ನೇ ಕರೆದು ‘ಯಾಕಪ್ಪ, ಏನಾಯ್ತು?’ ಎಂದು ಕೇಳಲಿ. ಬಾಯಿ ಇದೆ ಅಂತ ಆಗ ಗೊತ್ತಾದೀತು.