ಅರಿಶಿನದ ಪ್ರಶ್ನೆಯಿಂದ ಕ್ವಾಂಟಮ್ ಚುಕ್ಕೆಯವರೆಗೆ

ಅಭ್ಯಾಸ ಬೋಧನೆಯ ಎರಡನೇ ವಾರ ಒಂಬತ್ತನೇ ತರಗತಿಯಲ್ಲಿ ಕ್ವಾಂಟಮ್ ಚುಕ್ಕೆಗಳ ಬಗ್ಗೆ ಪಾಠ ಮಾಡಿದೆ. ಇವುಗಳ ಶೋಧ ಮತ್ತು ತಯಾರಿಕೆಗಾಗಿ ಮೌಂಗಿ ಬವೆಂಡಿ, ಲೂಯಿ ಬ್ರೂಸ್ ಮತ್ತು ಅಲೆಕ್ಸಿ ಎಕಿಮೋವ್ ಅವರಿಗೆ 2023ರ ರಸಾಯನಶಾಸ್ತ್ರ ನೊಬೆಲ್ ದೊರೆಯಿತು. ಅತಿನೇರಳೆ ಬೆಳಕು ಬಿದ್ದಾಗ ಕ್ಯಾಡ್ಮಿಯಂ ಸೆಲೆನೈಡ್‌ನ ಸುಮಾರು 2 ನ್ಯಾನೋಮೀಟರ್ ಚುಕ್ಕೆ ನೀಲಿಯಾಗಿ, ಸುಮಾರು 6 ನ್ಯಾನೋಮೀಟರ್ ಚುಕ್ಕೆ ಕೆಂಪಾಗಿ ಹೊಳೆಯುತ್ತದೆ ಎಂದು ಚಿತ್ರ ತೋರಿಸಿ ಹೇಳಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: "ಟೀಚರ್, ಅರಿಶಿನದ ಕೊಂಬನ್ನ ಎಷ್ಟು ಪುಡಿ ಮಾಡಿದ್ರೂ ಹಳದಿನೇ. ಇದಕ್ಕೆ ಮಾತ್ರ ಯಾಕೆ ಬಣ್ಣ ಬದಲಾಗುತ್ತೆ?"

"ಅದು ನ್ಯಾನೋ ಕಣಗಳ ಗುಣ" ಎಂದು ಕೂರಿಸಿದೆ. ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದಿದ್ದರು: "ಹೆಸರು ಹೇಳಿದಿರಿ, ಕಾರಣ ಹೇಳಲಿಲ್ಲ."

ಮರುದಿನ ಅವಳ ಪ್ರಶ್ನೆಯಿಂದಲೇ ಪಾಠ ಆರಂಭಿಸಿದೆ. ಅರಿಶಿನದ ಹಳದಿ ಕರ್ಕ್ಯುಮಿನ್ ಎಂಬ ಅಣುವಿನದು. ಎಷ್ಟು ನುಣ್ಣಗೆ ಅರೆದರೂ ಆ ಅಣು ಹಾಗೆಯೇ ಇರುತ್ತದೆ, ಬಣ್ಣವೂ ಉಳಿಯುತ್ತದೆ. ಕ್ಯಾಡ್ಮಿಯಂ ಸೆಲೆನೈಡ್ ಹಾಗಲ್ಲ. ಅದರಲ್ಲಿ ಉತ್ತೇಜಿತ ಎಲೆಕ್ಟ್ರಾನ್ ಒಂದೇ ಅಣುವಿಗೆ ಅಂಟಿಕೊಳ್ಳದೆ ಸ್ಫಟಿಕದೊಳಗೆ ಹರಡಿಕೊಂಡಿರುತ್ತದೆ. ಸ್ಫಟಿಕವೇ ಕೆಲವು ನ್ಯಾನೋಮೀಟರ್‌ಗೆ ಕುಗ್ಗಿದಾಗ ಎಲೆಕ್ಟ್ರಾನಿಗೆ ಜಾಗ ಸಾಲದು.

ಹಲಗೆಯ ಮೇಲೆ ಎರಡು ಮೊಳೆಗಳ ನಡುವೆ ತಂತಿ ಬಿಗಿದು ಮೀಟಿದೆ. ನಡುವೆ ಬೆರಳಿನಿಂದ ಒತ್ತಿ ಮತ್ತೆ ಮೀಟಿದೆ. ಕಂಪಿಸುವ ಭಾಗ ಗಿಡ್ಡವಾದಂತೆ ಸ್ವರ ಏರಿತು. ಎಲೆಕ್ಟ್ರಾನಿಗೂ ತರಂಗ ಸ್ವಭಾವವಿದೆ. ಜಾಗ ಕಿರಿದಾದಷ್ಟೂ ಅದರ ಶಕ್ತಿಮಟ್ಟಗಳ ಅಂತರ ಹೆಚ್ಚುತ್ತದೆ. ಅದು ಕೆಳಮಟ್ಟಕ್ಕೆ ಇಳಿಯುವಾಗ ಹೊಮ್ಮುವ ಬೆಳಕಿನ ಆವೃತ್ತಿಯೂ ಹೆಚ್ಚಿ, ಬಣ್ಣ ನೀಲಿಯ ಕಡೆ ಸರಿಯುತ್ತದೆ. ಆದರೆ ತಂತಿ ಹೋಲಿಕೆ ಮಾತ್ರ. ಎಲೆಕ್ಟ್ರಾನ್ ತಂತಿಯಲ್ಲ ಎಂದೂ ಹೇಳಿದೆ.

ಅದೇ ಹುಡುಗಿ, "ಹಾಗಾದ್ರೆ ಇದರಿಂದ ಬೇಕಾದ ಬಣ್ಣದ ಲೇಸರ್ ಮಾಡಬಹುದಾ ಟೀಚರ್?" ಎಂದಳು. ಮಾಡಬಹುದು, ಆದರೆ ಹೊಳೆದರಷ್ಟೇ ಸಾಲದು. ಬಿಡಿ ಚುಕ್ಕೆಗಳು ತಮ್ಮಷ್ಟಕ್ಕೆ ಎಲ್ಲ ದಿಕ್ಕಿಗೂ ಬೆಳಕು ಸೂಸುತ್ತವೆ. ಲೇಸರ್‌ನಲ್ಲಿ ಕನ್ನಡಿಗಳ ನಡುವೆ ಓಡಾಡುವ ಬೆಳಕು, ಉತ್ತೇಜಿತ ಚುಕ್ಕೆಗಳಿಂದ ತನ್ನದೇ ತರಂಗದೂರದ, ತನ್ನೊಂದಿಗೆ ಹೆಜ್ಜೆ ಹಾಕುವ ಬೆಳಕನ್ನು ಹೊರಡಿಸಬೇಕು. ತೊಡಕೆಂದರೆ, ಇಷ್ಟು ಇಕ್ಕಟ್ಟಿನಲ್ಲಿ ಒಂದಕ್ಕಿಂತ ಹೆಚ್ಚು ಉತ್ತೇಜಿತ ಎಲೆಕ್ಟ್ರಾನ್‌ಗಳಿದ್ದರೆ, ಒಂದರ ಶಕ್ತಿ ಬೆಳಕಾಗುವ ಮೊದಲೇ ಇನ್ನೊಂದಕ್ಕೆ ಹೋಗಿ ಶಾಖವಾಗಿ ವ್ಯರ್ಥವಾಗುತ್ತದೆ. ಈ ನಷ್ಟವನ್ನು ತಗ್ಗಿಸಲು ಚುಕ್ಕೆಯ ಸುತ್ತ ಬೇರೆ ವಸ್ತುವಿನ ಕವಚ ಬೆಳೆಸುತ್ತಾರೆ.

ಈ ಪಾಠ ಮಾಡುವ ಸಹಪಾಠಿಗಳಿಗೆ ಎರಡು ಮಾತು. ಕ್ಯಾಡ್ಮಿಯಂ ವಿಷಕಾರಿ, ತರಗತಿಗೆ ಚಿತ್ರವೇ ಸಾಕು. ಅರಿಶಿನದ ಪ್ರಶ್ನೆಯನ್ನು ಮಕ್ಕಳು ಕೇಳದಿದ್ದರೆ ನೀವೇ ಕೇಳಿ. ನನ್ನ ಪಾಠಯೋಜನೆಯಲ್ಲಿ ಈಗ ಅದೇ ಮೊದಲ ಪ್ರಶ್ನೆ.