ಕಣ್ಣಿನ ಎರಡನೆಯ ಕರ್ತವ್ಯ

ದೃಷ್ಟಿಯನ್ನು ಕಳೆದುಕೊಂಡವರ ಮನಸ್ಸನ್ನು ಕವಿಯುವ ವಿಷಾದವೆಲ್ಲವೂ ಕಾಣದಾದ ಲೋಕಕ್ಕಾಗಿ ಪಡುವ ಶೋಕವೇ ಎಂದು ಭಾವಿಸುವುದು ರೂಢಿ. ಆ ಶೋಕ ನಿಜವಾದುದೇ ಆದರೂ, ಅದರೊಡನೆ ಬೆರೆತು ಶರೀರದಿಂದಲೇ ಹುಟ್ಟಬಹುದಾದ ಮತ್ತೊಂದು ಕಾರಣವನ್ನು ಬಂಧುಗಳೂ, ಒಮ್ಮೊಮ್ಮೆ ವೈದ್ಯರೂ ಗಮನಿಸದೆ ಹೋಗುವುದರಿಂದ, ಪರಿಹಾರವುಳ್ಳ ಸಂಕಟವನ್ನು ವಿಧಿಲಿಖಿತವೆಂದು ಸಹಿಸಬೇಕಾಗುತ್ತದೆ.

ನೋಡುವುದಲ್ಲದೆ, ಹಗಲಿರುಳುಗಳ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವುದೂ ಕಣ್ಣಿನ ಕೆಲಸವೇ. 1998ರಲ್ಲಿ ಇಗ್ನಾಸಿಯೊ ಪ್ರೊವೆನ್ಸಿಯೊ ಮತ್ತು ಸಂಗಡಿಗರು ಕಪ್ಪೆಯ ಚರ್ಮದ ಕೋಶಗಳಲ್ಲಿ ಗುರುತಿಸಿದ ಮೆಲನಾಪ್ಸಿನ್ ಎಂಬ ವಸ್ತು ಸಸ್ತನಿಗಳ ಅಕ್ಷಿಪಟಲದಲ್ಲಿಯೂ ಉಂಟೆಂದು ಮುಂದೆ ತಿಳಿಯಿತು. ಅದನ್ನುಳ್ಳ ನರಕೋಶಗಳು ನೋಟಕ್ಕೆ ಮೂಲವಾದ ದಂಡಕೋಶ ಶಂಕುಕೋಶಗಳ ನೆರವಿಲ್ಲದೆಯೇ ಬೆಳಕನ್ನು ಗ್ರಹಿಸಬಲ್ಲವೆಂಬುದನ್ನು 2002ರಲ್ಲಿ ಡೇವಿಡ್ ಬರ್ಸನ್ ಮೊದಲಾದವರು ಇಲಿಗಳಲ್ಲಿ ತೋರಿಸಿಕೊಟ್ಟರು. ಬೆಳಕೆಂಬುದೇ ಅರಿವಿಗೆ ಬಾರದ ಕೆಲವು ಅಂಧರಲ್ಲಿಯೂ, ಕಣ್ಣಿಗೆ ಪ್ರಖರವಾದ ಬೆಳಕು ಬಿದ್ದಾಗ ಇರುಳಿನ ರಾಸಾಯನಿಕವಾದ ಮೆಲಟೋನಿನ್ ತಗ್ಗುವುದನ್ನು ಚಾರ್ಲ್ಸ್ ಝೈಸ್ಲರ್ ಮತ್ತು ಸಹೋದ್ಯೋಗಿಗಳು 1995ರಲ್ಲಿಯೇ ವರದಿ ಮಾಡಿದ್ದರು. ನೋಟವಿಲ್ಲದ ಕಣ್ಣು ನಿಷ್ಪ್ರಯೋಜಕವೆಂದು ತೀರ್ಮಾನಿಸುವ ಮುನ್ನ ಇದನ್ನು ನೆನೆಯುವುದು ಅವಶ್ಯ.

ಆದರೆ ಯಾರಲ್ಲಿ ಬೆಳಕಿನ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ಈ ಮಾರ್ಗವೂ ಮುಚ್ಚಿಹೋಗಿದೆಯೋ ಅವರ ದೇಹದ ಗಡಿಯಾರವನ್ನು ದಿನದಿನವೂ ತಿದ್ದುವ ಬೆಳಕೇ ಇಲ್ಲವಾಗುತ್ತದೆ. ಮನುಷ್ಯನ ಆಂತರಿಕ ದಿನವು ಸಾಮಾನ್ಯವಾಗಿ 24 ಗಂಟೆಗಿಂತ ತುಸು ದೀರ್ಘವಾದುದರಿಂದ, ದಿನಕ್ಕೆ ಅರ್ಧ ಗಂಟೆಯಂತೆ ಹಿಂದೆ ಬೀಳುವವನಿಗೆ 24 ದಿನಗಳಲ್ಲಿ 12 ಗಂಟೆಗಳ ಅಂತರವುಂಟಾಗಿ, ಊರು ಮಲಗಿರುವಾಗ ಎಚ್ಚರವೂ ಊರು ದುಡಿಯುವಾಗ ತಡೆಯಲಾರದ ನಿದ್ದೆಯೂ ಪ್ರಾಪ್ತವಾಗುತ್ತವೆ. ಇನ್ನೂ ಅಷ್ಟು ದಿನ ಕಳೆದರೆ ಎಲ್ಲವೂ ಸರಿಹೋದಂತೆ ತೋರಿ, ಮತ್ತೆ ಜಾರತೊಡಗುತ್ತದೆ. ಮನೆಯವರು ಇದನ್ನು ಸೋಮಾರಿತನವೆನ್ನುತ್ತಾರೆ. ಅವನೂ ಹಾಗೆಯೇ ನಂಬಿ ತನ್ನನ್ನೇ ಹಳಿದುಕೊಳ್ಳುತ್ತಾನೆ. ನಿದ್ರೆ ಕೆಟ್ಟಷ್ಟೂ ಖಿನ್ನತೆ ಬಲಿಯುತ್ತದೆ, ಖಿನ್ನತೆ ಬಲಿತಷ್ಟೂ ನಿದ್ರೆ ಕೆಡುತ್ತದೆ. 2000ದಲ್ಲಿ ಪ್ರಕಟವಾದ ರಾಬರ್ಟ್ ಸ್ಯಾಕ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಮಲಗುವ ವೇಳೆಗೆ ಮೆಲಟೋನಿನ್ ಪಡೆದ 7 ಮಂದಿ ಪೂರ್ಣಾಂಧರಲ್ಲಿ 6 ಮಂದಿಯ ಗಡಿಯಾರವು ದಿನಮಾನಕ್ಕೆ ಹೊಂದಿಕೊಂಡಿತು. ಅಂಧನೊಬ್ಬ ಬೇಸರವೆಂದು ಬಂದಾಗ, ನಿದ್ದೆ ವಾರದಿಂದ ವಾರಕ್ಕೆ ಜಾರುತ್ತಿದೆಯೇ ಎಂದು ವೈದ್ಯರು ಮೊದಲು ವಿಚಾರಿಸಬೇಕೆಂಬುದು ನನ್ನ ಬಿನ್ನಹ.

ಗಡಿಯಾರ ನೆಟ್ಟಗಾದ ಮಾತ್ರಕ್ಕೆ ಬಾಳಿಗೆ ಗುರಿ ಒದಗದು. ಉತ್ಸಾಹ ಬಂದ ಮೇಲೆ ಕೆಲಸವೆಂದು ಕಾಯದೆ, ಕಿರಿದಾದರೂ ತನಗೆ ಬೆಲೆಯುಳ್ಳದ್ದೆನಿಸಿದ ಕೆಲಸವನ್ನು ಗೊತ್ತಾದ ವೇಳೆಗೆ ಆರಂಭಿಸಿಬಿಡುವ ಕ್ರಮವೊಂದು ಖಿನ್ನತೆಯ ಚಿಕಿತ್ಸೆಯಲ್ಲಿದೆ. ಮನಸ್ಸು ಕ್ರಿಯೆಯನ್ನು ಹಿಂಬಾಲಿಸುವುದೆಂಬುದು ಅದರ ಆಧಾರ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಸ್ವತಃ ಅಂಧರಾದ ಪಂಚಾಕ್ಷರ ಗವಾಯಿಗಳು ಅಂಧ ಬಾಲಕರಿಗೆ ಸಂಗೀತ ಕಲಿಸಿದುದೂ, 1944ರಲ್ಲಿ ಅವರು ತೀರಿಕೊಂಡ ಬಳಿಕ ಅಂಧಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಕಾಲವಾಗುವವರೆಗೂ ಆ ಕಾರ್ಯವನ್ನು ನಡೆಸಿದುದೂ ಚಿಕಿತ್ಸೆಯೆಂಬ ಹೆಸರಿನಿಂದಲ್ಲ. ಆದರೂ ನಿಯತವಾದ ಅಭ್ಯಾಸ, ಒಡನಾಡಿಗಳು, ಕಲಿತವನಿಗಾಗಿ ಕಾದಿರುವ ಕಿರಿಯ ಶಿಷ್ಯ, ಇವು ಮೂರೂ ಅಲ್ಲಿ ಒಂದೇ ಸೂರಿನಡಿ ದೊರೆತುವು.